ಗುದ್ದಲಿ ಪೂಜೆಯ ದಿನ ಸ್ಟಾರ್ಟ್ ಆಗದ ಕಾರು

ಚಿಕ್ಕಮ್ಮನ ಕಾರು ನಿಲ್ಲುತ್ತಿದ್ದದ್ದು ಅವಳ ಮನೆಯ ಕಾಂಪೌಂಡಿನಲ್ಲಲ್ಲ, ಪಕ್ಕದ ಖಾಲಿ ಸೈಟಿನಲ್ಲಿ. ಬನಶಂಕರಿ ಮೂರನೇ ಹಂತದಿಂದ ಹೊಸಕೆರೆಹಳ್ಳಿ ಕಡೆಗೆ ಇಳಿಯುವ ಆ ಅಡ್ಡರಸ್ತೆಯಲ್ಲಿ ಮನೆ ಏಳದೆ ಉಳಿದಿದ್ದ ಕೊನೆಯ ಸೈಟು ಅದು. ಅದರ ಯಜಮಾನರು ಹೊಸಕೆರೆಹಳ್ಳಿಯ ಹಳೆಯ ಮನೆತನದವರು. ಅವರ ತಂದೆಯ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಕಾರು ನಿಲ್ಲಿಸಿಕೊಳ್ಳಿ ಎಂದು ಅವರಾಗಿಯೇ ಹೇಳಿದ್ದರು. ಅದಕ್ಕೆ ಪ್ರತಿಯಾಗಿ ಚಿಕ್ಕಮ್ಮ ಆ ಸೈಟಿನಲ್ಲಿ ಯಾರೂ ಕಸ ಸುರಿಯದಂತೆ ಕಾಯುತ್ತಿದ್ದಳು. ಚೀಲ ಹಿಡಿದು ಬಂದವರು ಅವಳ ದನಿ ಕೇಳಿ ಚೀಲದ ಸಮೇತ ವಾಪಸ್ಸು ಹೋಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಈ ವರ್ಷ ಯಜಮಾನರು ಮನೆ ಕಟ್ಟಲು ಹೊರಟರು. ಒಂದು ಶುಕ್ರವಾರ ಬೆಳಗ್ಗೆ ಗುದ್ದಲಿ ಪೂಜೆ, ರಾಹುಕಾಲಕ್ಕೆ ಮುಂಚೆ ಜೆಸಿಬಿಯ ಮೊದಲ ಬಕೆಟ್ ಮಣ್ಣು ಮೇಲೆ ಬರಬೇಕು ಎಂದು ಪುರೋಹಿತರು ಗೊತ್ತುಮಾಡಿದ್ದರು. ಶುಕ್ರವಾರದ ರಾಹುಕಾಲ ಹತ್ತೂವರೆಗೆ. ಜೆಸಿಬಿ ಒಳಗೆ ಬರುವ ದಾರಿಯಲ್ಲಿಯೇ ಕಾರು ನಿಂತಿತ್ತು.

ಕಾರಿಗೆ ಬೇರೆ ಜಾಗ ಸಿಕ್ಕಿತ್ತು. ಗೊಟ್ಟಿಗೆರೆಯಲ್ಲಿ ಚಿಕ್ಕಮ್ಮನ ಗೆಳತಿಯೊಬ್ಬರ ಮನೆಯ ಹಿಂದೆ ಶೀಟಿನ ಶೆಡ್ಡು ಇದೆ. ಆದರೆ ಚಿಕ್ಕಮ್ಮ ಒಂದು ಷರತ್ತು ಹಾಕಿಕೊಂಡಿದ್ದಳು, ಅದೂ ತನಗೆ ತಾನೇ.

"ಓಡೋ ಕಾರಾದ್ರೆ ನಾನೇ ಓಡಿಸ್ಕೊಂಡು ಹೋಗಿ ಅಲ್ಲಿ ನಿಲ್ಲಿಸ್ತೀನಿ. ಹಗ್ಗ ಕಟ್ಟಿ ಎಳ್ಕೊಂಡು ಹೋಗೋದಾದ್ರೆ ಬೇಡ. ಇನ್ನೊಬ್ಬರ ಮನೇಲಿ ಹೆಣ ಇಟ್ಟ ಹಾಗಾಗುತ್ತೆ. ಅವತ್ತೇ ಗುಜರಿಗೆ ಕೊಟ್ಬಿಡ್ತೀನಿ."

ಹೀಗೆ ಹೇಳಿ ಸುಮ್ಮನಾಗಲಿಲ್ಲ. ಗುಜರಿಯವರಿಗೆ ಫೋನ್ ಮಾಡಿ ಶುಕ್ರವಾರಕ್ಕೆ ಟ್ರಕ್ಕನ್ನೂ ಹೇಳಿಬಿಟ್ಟಳು. ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಹೇಳಿದ್ದನ್ನು ಬದಲಾಯಿಸುವ ಅಭ್ಯಾಸ ಅವಳಿಗಿಲ್ಲ. ನಲವತ್ತು ದಾಟಿದ ಮೇಲೆ ಈ ಕಾರಿನಲ್ಲಿಯೇ ಡ್ರೈವಿಂಗ್ ಕಲಿತಳು, ಬೇರೆ ಯಾವ ಕಾರನ್ನೂ ಓಡಿಸಲಿಲ್ಲ. ಬೆಣ್ಣೆ ಬಣ್ಣದ ಕಾರು, ಗೇರು ಸ್ಟೀರಿಂಗಿನ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಹಾಗೆ ಒಂದೇ ಉದ್ದಕ್ಕೆ.

ಮಂಡಿ ಆಪರೇಷನ್ ಆಗಿ ಚಿಕ್ಕಮ್ಮ ಮಳೆಗಾಲವಿಡೀ ಕಾರು ಮುಟ್ಟಿರಲಿಲ್ಲ. ಆಮೇಲೆ ಕೀ ತಿರುಗಿಸಿದರೆ ಇಂಜಿನ್ನು ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ನನ್ನ ತಮ್ಮ ಬಂದು ನೋಡಿದ. ಜೆ.ಪಿ. ನಗರದಲ್ಲಿ ಆಫೀಸು ಕೆಲಸ ಮಾಡುವ ಅವನ ಮನೆಯಲ್ಲಿ ಎರಡು ಹಳೆಯ ಮೋಟಾರ್ ಸೈಕಲ್ಲುಗಳಿವೆ. ಅವನ್ನು ಬಿಚ್ಚಿ ಜೋಡಿಸಿದ ಧೈರ್ಯ ಅವನದು. ಡಿಸ್ಟ್ರಿಬ್ಯೂಟರಿನ ತೊಂದರೆ ಎಂದ. ನಾಲ್ಕು ಸಿಲಿಂಡರುಗಳಿಗೆ ಸರದಿಯ ಮೇಲೆ ಕಿಡಿ ಹಂಚುವ, ಲೋಟದಷ್ಟಿರುವ ಡಬ್ಬಿ ಅದು. ಒಳಗೆ ರೋಟರ್ ಎಂಬ ಪುಟ್ಟ ಕೈ ಸುತ್ತುತ್ತ ಒಂದೊಂದು ವೈರಿಗೂ ಕಿಡಿ ಕೊಡುತ್ತದೆ. ಅದರ ಕೆಳಗಿರುವ ಪಾಯಿಂಟುಗಳು, ಎಂದರೆ ಒಂದಕ್ಕೊಂದು ತಾಗಿ ಬಿಡುವ ಎರಡು ಲೋಹದ ತುದಿಗಳು, ಹಸಿರು ಹಿಡಿದು ಕೂತಿದ್ದವು. ತಮ್ಮ ಇಡೀ ಡಬ್ಬಿಯನ್ನು ಬಿಚ್ಚಿ ಮನೆಗೆ ಒಯ್ದು ಪಾಯಿಂಟು ಬದಲಾಯಿಸಿದ. ಹಾಗೇ ತಂದು ಕೂರಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ನಡುವೆ ಸೈಟಿನ ಅಳತೆ ಹಾಕಲು ಬಂದ ಹುಡುಗರು ಕಾರು ಗೇರಿನಲ್ಲಿದ್ದಾಗಲೇ ಅದನ್ನು ನಾಲ್ಕಾರು ಅಡಿ ತಳ್ಳಿಬಿಟ್ಟರು. ಇಂಜಿನ್ನು ಒಳಗೆ ಎಷ್ಟು ತಿರುಗಿತೋ ಯಾರಿಗೂ ಗೊತ್ತಿಲ್ಲ. ಕಿಡಿ ಯಾವಾಗ ಬರಬೇಕೆಂಬ ಲೆಕ್ಕ, ಟೈಮಿಂಗ್, ಕೈತಪ್ಪಿ ಹೋಯಿತು.

ಶುಕ್ರವಾರ ಬೆಳಕು ಹರಿಯುತ್ತಿದ್ದಂತೆ ನಾವು ಮೂವರೂ ಸೈಟಿನಲ್ಲಿದ್ದೆವು. ತಮ್ಮ ಬಾನೆಟ್ಟಿನ ಕೆಳಗೆ, ಚಿಕ್ಕಮ್ಮ ಕೀ ಹಿಡಿದು ಒಳಗೆ, ನಾನು ಪಕ್ಕದಲ್ಲಿ ಟಾರ್ಚು ಹಿಡಿದು. ಮುಂದೆ ಹೇಳುವುದರಲ್ಲಿ ನಾನು ಕಣ್ಣಾರೆ ಕಂಡದ್ದು ಯಾವುದು, ಆಮೇಲೆ ತಮ್ಮ ವಿವರಿಸಿದ್ದು ಯಾವುದು ಎಂದು ಬೇರೆ ಮಾಡಿಯೇ ಹೇಳಲು ಪ್ರಯತ್ನಿಸುತ್ತೇನೆ. ಕಂಡದ್ದೂ ಕೇಳಿದ್ದೂ ಬೆರೆತುಹೋಗುವ ಭಯ ನನಗಿದೆ.

ಮೊದಲ ಸಿಲಿಂಡರಿನ ಪ್ಲಗ್ ಬಿಚ್ಚಿ ಆ ತೂತಿನ ಮೇಲೆ ಹೆಬ್ಬೆರಳು ಒತ್ತು ಎಂದ ತಮ್ಮ. ಒತ್ತಿದೆ. ಅವನು ಬಂಪರಿನ ತೂತಿನಿಂದ ಉದ್ದನೆಯ ಹ್ಯಾಂಡಲ್ ತೂರಿಸಿ ಇಂಜಿನ್ನನ್ನು ನಿಧಾನವಾಗಿ ತಿರುಗಿಸಿದ.

"ಗಾಳಿ ತಳ್ಳಿದ ತಕ್ಷಣ ಹೇಳು ಅಕ್ಕ."

ತಳ್ಳಿತು. ಒಳಗಿನಿಂದ ಯಾರೋ ಊದಿದ ಹಾಗೆ ಬೆರಳು ಮೇಲೆದ್ದಿತು. ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನು ಮೇಲೇರುತ್ತಿದೆ ಎಂಬುದಕ್ಕೆ ಅದು ಗುರುತು. ಅದು ತುತ್ತತುದಿಗೆ ಬರುವ ಹೊತ್ತಿಗೆ ಕಿಡಿ ಬೀಳಬೇಕು. ತುದಿ ಎಲ್ಲಿ ಎಂದು ತಿಳಿಯಲು, ಇಂಜಿನ್ನಿನ ಮುಂದೆ ಬೆಲ್ಟು ಸುತ್ತುವ ಕಬ್ಬಿಣದ ಚಕ್ರದ ಅಂಚಿನಲ್ಲಿ ಒಂದು ಗುರುತಿರುತ್ತದೆ. ಅದು ಇಂಜಿನ್ನಿನ ಮೈಮೇಲಿರುವ ಮುಳ್ಳಿನ ಎದುರಿಗೆ ಬಂದರೆ ಸರಿ. ತಮ್ಮ ಬಗ್ಗಿ ಹುಡುಕಿದ.

"ಇಲ್ಲಿದೆ ನೋಡು. ಹಳೇ ಮೆಕ್ಯಾನಿಕ್ ಪೈಂಟ್ ಹಾಕಿದಾನೆ, ಕೆಂಪಗೆ. ಪುಣ್ಯಾತ್ಮ."

ನಾನೂ ನೋಡಿದೆ. ಗ್ರೀಸು ಮೆತ್ತಿದ ಚಕ್ರದ ಮೇಲೆ ಗಟ್ಟಿಯಾದ ಕಡುಗೆಂಪು ಬೊಟ್ಟು. ಮುಳ್ಳಿಗೆ ಅದನ್ನು ಹೊಂದಿಸಿದ. ಡಿಸ್ಟ್ರಿಬ್ಯೂಟರನ್ನು ಇಳಿಸಿ, ರೋಟರ್ ಮೊದಲ ವೈರಿನ ಕಡೆ ಮುಖ ಮಾಡುವಂತೆ ಕೂರಿಸಿ, ಬೋಲ್ಟು ಬಿಗಿದ.

"ಚಿಕ್ಕಮ್ಮ, ಕೊಡು."

ಅವಳು ಕೀ ತಿರುಗಿಸಿದಳು. ಇಂಜಿನ್ನು ಅರ್ಧ ಸುತ್ತು ಹೋಗಿ ಎದುರಿನಿಂದ ಯಾರೋ ಒದ್ದ ಹಾಗೆ ಧಡ್ ಎಂದು ನಿಂತಿತು. ಇಡೀ ಕಾರು ಅಲುಗಿತು.

"ಒದೀತಾ ಇದೆ ಅಂದ್ರೆ ಜೀವ ಇದೆ ಅಂತ," ಎಂದಳು ಚಿಕ್ಕಮ್ಮ ಕಿಟಕಿಯಿಂದ ತಲೆ ಹಾಕಿ.

ಅಷ್ಟು ಹೊತ್ತಿಗೆ ಯಜಮಾನರು, ಅವರ ಹೆಂಡತಿ ಬಂದರು. ಈಶಾನ್ಯ ಮೂಲೆಯಲ್ಲಿ ನೆಲ ಸಾರಿಸಿ ರಂಗೋಲಿ ಶುರುವಾಯಿತು. ರಸ್ತೆಯ ತಿರುವಿನಲ್ಲಿ ಗುಜರಿ ಟ್ರಕ್ಕು ಬಂದು ನಿಂತಿತು. ಅದರಿಂದ ಇಳಿದವನು ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿದ.

"ಒಳ್ಳೆ ಗೇಜು ಆಂಟಿ, ದಪ್ಪ ತಗಡು. ಲೋಡ್ ಮಾಡ್ಲಾ?"

"ಟೀ ಕುಡಿದ್ಯಾ?"

"ಕುಡಿದೆ ಆಂಟಿ."

"ಇನ್ನೊಂದು ಕುಡಿ ಹೋಗು."

ತಮ್ಮ ಎರಡನೇ ಸಲ ಮತ್ತೆ ಬೊಟ್ಟಿಗೇ ಹೊಂದಿಸಿದ, ಇನ್ನೂ ನಿಖರವಾಗಿ. ಈ ಸಲ ಪೆಟ್ರೋಲು ಬೇಗ ಸಿಗಲಿ ಎಂದು, ಅದನ್ನು ಗಾಳಿಗೆ ಬೆರೆಸುವ ಕಾರ್ಬೊರೇಟರಿನ ಮೇಲಿನ ಮುಚ್ಚಳ ತೆಗೆದು ಅದರ ಬಾಯಿಗೆ ಒಂದೆರಡು ಹನಿ ಬಿಟ್ಟ. ಚಿಕ್ಕಮ್ಮ ಕೀ ತಿರುಗಿಸಿದಳು. ಅದೇ ಒದೆತ. ಅದರ ಬೆನ್ನಿಗೇ ಕಾರ್ಬೊರೇಟರಿನ ಬಾಯಿಂದ ಬೆಂಕಿ ಎದ್ದಿತು. ತುಂಬಿದ ಬೊಗಸೆಯಷ್ಟು, ಹಳದಿ, ಅಂಚಿನಲ್ಲಿ ನೀಲಿ. ಸದ್ದು ಅಷ್ಟೇನೂ ಇರಲಿಲ್ಲ. ದಪ್ಪ ಬಟ್ಟೆ ಒದರಿದಂತೆ ಬುಸ್ ಎಂದಿತು. ತಮ್ಮ ಹಿಂದಕ್ಕೆ ಜಿಗಿದ. ಬಾನೆಟ್ಟಿನ ಅಂಚಿಗೆ ಹಾಸಿದ್ದ ಒದ್ದೆ ಗೋಣಿಚೀಲ ನನ್ನ ಕೈಗೆ ಹತ್ತಿರವಿತ್ತು. ಅದನ್ನು ಎತ್ತಿ ಹಾಕಿ ಒತ್ತಿ ಹಿಡಿದೆ. ಉರಿ ಆರಿತು. ಹೊಗೆ, ಸುಟ್ಟ ಕೂದಲಿನ ವಾಸನೆ. ತಮ್ಮನ ಎಡ ಹುಬ್ಬಿನ ತುದಿ ಸುರುಟಿಕೊಂಡಿತ್ತು.

ನಾನು ಒತ್ತಿದ ಕೈ ತೆಗೆಯಲಿಲ್ಲ. ತೆಗೆಯಬೇಕೆಂದರೂ ಆಗಲಿಲ್ಲ. ಚಿಕ್ಕಮ್ಮ ಇಳಿದು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಗೋಣಿಯಿಂದ ಬಿಡಿಸಿದಳು.

ಯಜಮಾನರು ಅಲ್ಲಿಂದಲೇ ಕೂಗಿದರು. "ಏನ್ ಸಾರ್, ಹೋಮ ನೀವೇ ಶುರು ಮಾಡ್ಬಿಟ್ರಾ. ಪುರೋಹಿತರು ಇನ್ನೂ ಚಿಕ್ಕಲಸಂದ್ರದಲ್ಲಿದಾರೆ."

ಹತ್ತಿರ ಬಂದ ಮೇಲೆ ದನಿ ತಗ್ಗಿಸಿ ಚಿಕ್ಕಮ್ಮನಿಗೆ ಹೇಳಿದರು: "ಮೇಡಂ, ನನ್ನಿಂದ ಆತುರ ಇಲ್ಲ. ಆದ್ರೆ ಮಹೂರ್ತ ನನ್ನ ಕೈಲಿಲ್ಲ. ತಪ್ಪು ತಿಳ್ಕೋಬೇಡಿ."

"ನಿಮ್ಮ ಮಣ್ಣು ಹೊತ್ತಿಗೆ ಸರಿಯಾಗಿ ಬರುತ್ತೆ," ಎಂದಳು ಚಿಕ್ಕಮ್ಮ. "ಅದಕ್ಕೆ ಮುಂಚೆ ಈ ಕಾರು ಹೀಗಾದ್ರೂ ಹೋಗುತ್ತೆ, ಹಾಗಾದ್ರೂ ಹೋಗುತ್ತೆ." ಟ್ರಕ್ಕಿನ ಕಡೆ ಅವಳು ನೋಡಲಿಲ್ಲ. ನಾನು ನೋಡಿದೆ.

ಜೆಸಿಬಿ ಬಂದು ಸೈಟಿನ ಬಾಯಿಯಲ್ಲಿ ನಿಂತಿತು. ಯಜಮಾನರ ಹೆಂಡತಿ ತಟ್ಟೆ ಹಿಡಿದು ಅದರ ಪೂಜೆಗೆ ಬಂದರು. ಆಪರೇಟರ್ ಬಕೆಟ್ಟನ್ನು ನೆಲಕ್ಕೆ ಇಳಿಸಿಕೊಟ್ಟ. ಆಕೆ ಬಕೆಟ್ಟಿನ ಒಂದೊಂದು ಹಲ್ಲಿಗೂ ಅರಿಶಿನ ಕುಂಕುಮ ಇಟ್ಟರು, ಚಕ್ರಗಳಿಗೆ ಇಟ್ಟರು, ಕೈ ಎಟುಕಿದಷ್ಟು ಎತ್ತರಕ್ಕೆ ಅದರ ತೋಳಿಗೂ ಇಟ್ಟರು. ಆಮೇಲೆ ಆಪರೇಟರಿಗೆ ಹೇಳಿದರು: "ಅಣ್ಣ, ಇಂಜಿನ್ನಿನ ಬಾಗಿಲು ತೆಗಿ. ಒಳಗೂ ಇಡ್ಬೇಕು."

ಆ ಮಾತು ಕೇಳಿದಾಗ ನಾನು ಚಿಕ್ಕಮ್ಮ ಕೊಟ್ಟ ನೀರು ಕುಡಿಯುತ್ತಿದ್ದೆ. ಆಕೆಯ ಬೆರಳು ಎಣ್ಣೆ ಜಿಡ್ಡಿನ ಕಬ್ಬಿಣಕ್ಕೆ ಒತ್ತಿ ಹಿಂದೆ ಬಂತು. ಅಲ್ಲಿ ಉಳಿದ ಬೊಟ್ಟು ನೋಡಿದೆ. ಜಿಡ್ಡು ಹೀರಿಕೊಂಡು ಅದು ನನ್ನ ಕಣ್ಣೆದುರೇ ಕಪ್ಪಗಾಗುತ್ತ ಹೋಯಿತು. ನೀರು ನೆತ್ತಿಗೆ ಹತ್ತಿತು.

"ಚಿಕ್ಕಮ್ಮ, ಆಯುಧಪೂಜೇಲಿ ಬಾನೆಟ್ ಎತ್ತಿ ಒಳಗೂ ಕುಂಕುಮ ಇಡ್ತೀಯಾ?"

"ಇಡದೆ ಮತ್ತೆ? ಕಾರನ್ನ ಓಡಿಸೋದು ಒಳಗಿರೋದಲ್ವಾ."

"ಎಲ್ಲೆಲ್ಲಿ ಇಡ್ತೀಯ?"

"ಬ್ಯಾಟ್ರಿಗೆ, ಇಂಜಿನ್ ತಲೆಗೆ, ಬೆಲ್ಟ್ ಸುತ್ತೋ ಚಕ್ರಕ್ಕೆ. ಬರೀ ಕುಂಕುಮ ಉದುರಿ ಹೋಗುತ್ತೆ ಅಂತ ಎಣ್ಣೇಲಿ ಕಲಸಿ ಇಡ್ತೀನಿ."

ಬಾನೆಟ್ಟಿನ ಕೆಳಗೆ ಸ್ಪ್ಯಾನರಿನ ಸದ್ದು ನಿಂತಿತು. ತಮ್ಮ ನಿಧಾನವಾಗಿ ತಲೆ ಎತ್ತಿದ.

"ಯಾವ ಚಕ್ರಕ್ಕೆ?"

"ಅದೇ ಕಣೋ, ನೀನು ಬೆಳಗ್ಗೆಯಿಂದ ನೋಡ್ತಾ ಕೂತಿದೀಯಲ್ಲ."

ತಮ್ಮ ಉಗುರಿನಿಂದ ಆ ಬೊಟ್ಟನ್ನು ಕೆರೆದ. ಪದರ ಪದರವಾಗಿ ಎದ್ದಿತು. ಮೂಗಿನ ಹತ್ತಿರ ಹಿಡಿದು ನೋಡಿದ. ಆಮೇಲೆ ಹ್ಯಾಂಡಲಿನಿಂದ ಇಂಜಿನ್ನನ್ನು ಅರ್ಧ ಸುತ್ತು ತಿರುಗಿಸಿದ. ಚಕ್ರದ ಎದುರು ಬದಿಯಲ್ಲಿ ಇನ್ನೊಂದು ಬೊಟ್ಟಿತ್ತು, ಸ್ವಲ್ಪ ಮಾಸಲು. ಬೆಳಗ್ಗೆ ನಾನೂ ಅದನ್ನು ಕಂಡು, ಪೈಂಟು ಸಿಡಿದಿರಬೇಕು ಎಂದುಕೊಂಡಿದ್ದೆ. ನಾಲ್ಕು ಸಿಲಿಂಡರಿನ ಇಂಜಿನ್ನು ಆಫ್ ಮಾಡಿದಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲವಂತೆ. ಒಳಗಿನ ಒತ್ತಡ ತಡೆದು, ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಇಲ್ಲವೇ ಅದಕ್ಕೆ ಅರ್ಧ ಸುತ್ತು ಆಚೆ ನಿಲ್ಲುತ್ತದಂತೆ. ಚಿಕ್ಕಮ್ಮನ ಬೆರಳೂ ಪ್ರತಿ ವರ್ಷ ಒಂದೇ ಕಡೆಯಿಂದ ಎಟುಕುತ್ತಿತ್ತು. ಹಾಗಾಗಿ ಒಂದರ ಮೇಲೊಂದು ಆಯುಧಪೂಜೆಯ ಕುಂಕುಮ ಕೂತು, ಮೆಕ್ಯಾನಿಕ್ಕು ಇಡುವ ಗುರುತಿಗಿಂತ ಚೆನ್ನಾಗಿ ಕಾಣುವ ಗುರುತಾಗಿತ್ತು. ಅದನ್ನು ನಂಬಿ ನಾವು ಕಿಡಿಯನ್ನು ತೀರಾ ಮುಂಚೆ ಕೊಡುತ್ತಿದ್ದೆವು. ಪಿಸ್ಟನ್ನು ಇನ್ನೂ ಮೇಲೇರುತ್ತಿರುವಾಗಲೇ ಬೆಂಕಿ ಬಿದ್ದು ಅದನ್ನು ಕೆಳಗೆ ಒದೆಯುತ್ತಿತ್ತು.

"ಅಂದ್ರೆ ಬೆಳಗ್ಗೆಯಿಂದ ನಾನು ಕುಂಕುಮಕ್ಕೆ ಟೈಮಿಂಗ್ ಇಡ್ತಾ ಇದೀನಿ," ಎಂದ ತಮ್ಮ.

"ಮಂಗಳಕರವಾಗೇ ಇಟ್ಟಿದ್ದೀಯ ಬಿಡು," ಎಂದಳು ಚಿಕ್ಕಮ್ಮ. ಆಗ ನಾವು ಮೂವರೂ ನಕ್ಕೆವು. ನನ್ನ ನಗು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು.

ಪುರೋಹಿತರು ಬಂದರು. ಆ ಮೂಲೆಯಲ್ಲಿ ಸಂಕಲ್ಪ ಶುರುವಾಯಿತು. ಈ ಮೂಲೆಯಲ್ಲಿ ನಮ್ಮ ಕೈ ಮೊದಲಿಗಿಂತ ಬೇಗ ಓಡತೊಡಗಿತು. ಎಲ್ಲಿ ತಪ್ಪಿದ್ದೆವು ಎಂದು ತಿಳಿದಿತ್ತು. ಅಷ್ಟು ತಿಳಿದದ್ದೇ ಕಾರು ಹತ್ತಿಕೊಂಡಷ್ಟು ಹುರುಪು ಕೊಟ್ಟಿತು.

ಈ ಸಲ ಯಾವ ಗುರುತನ್ನೂ ನಂಬುವುದು ಬೇಡ, ಪಿಸ್ಟನ್ನಿನ ತುದಿಯನ್ನು ನಾವೇ ಮುಟ್ಟಿ ನೋಡೋಣ ಎಂದ ತಮ್ಮ. ಚಿಕ್ಕಮ್ಮ ಮನೆಗೆ ಹೋಗಿ ಉಲ್ಲನ್ ಹೆಣೆಯುವ ಉದ್ದನೆಯ ಕಡ್ಡಿ ತಂದಳು. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿದೆವು. ಮೊದಲು ಹೆಬ್ಬೆರಳಿಟ್ಟು ಗಾಳಿ ತಳ್ಳುವುದನ್ನು ಖಚಿತಪಡಿಸಿಕೊಂಡು, ಆಮೇಲೆ ಕಡ್ಡಿಯನ್ನು ಮೊದಲ ಸಿಲಿಂಡರಿನೊಳಗೆ ಇಳಿಬಿಟ್ಟೆ. ತಳದಲ್ಲಿ ಪಿಸ್ಟನ್ನಿನ ತಲೆ ತಾಗಿತು. ಎರಡು ಬೆರಳಿನ ನಡುವೆ ಕಡ್ಡಿಯನ್ನು ಸಡಿಲವಾಗಿ ಹಿಡಿದುಕೊಂಡೆ. ತಮ್ಮ ಹ್ಯಾಂಡಲ್ ಹಿಡಿದು ಬಂಪರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಚಿಕ್ಕಮ್ಮ ಟಾರ್ಚು ಹಿಡಿದು ಚಕ್ರದ ಅಂಚನ್ನೇ ನೋಡುತ್ತ ನಿಂತಳು.

ತೊಂದರೆ ನನ್ನ ಕೈಯದು. ಬೆಂಕಿ ಎದ್ದಾಗಿನಿಂದ ಅದರ ನಡುಕ ಪೂರ್ತಿ ಹೋಗಿರಲಿಲ್ಲ. ಕಡ್ಡಿ ಏರುತ್ತಿದೆಯೋ, ನನ್ನ ಕೈ ನಡುಗುತ್ತಿದೆಯೋ ತಿಳಿಯಲಿಲ್ಲ.

"ತಡಿ, ತಿರುಗಿಸ್ಬೇಡ," ಎಂದೆ. ಮೊಣಕೈಯನ್ನು ಬಾನೆಟ್ಟಿನ ಅಂಚಿಗೆ ಊರಿದೆ. ಮಣಿಕಟ್ಟನ್ನು ಇಂಜಿನ್ನಿನ ತಲೆಗೆ ಒರಗಿಸಿದೆ. ಉಸಿರು ಬಿಟ್ಟು, ನಡುಕ ಬೆರಳಿನ ತುದಿಯಿಂದ ಭುಜಕ್ಕೆ ಹಿಂದೆ ಸರಿಯುವವರೆಗೆ ಕಾದೆ. ಆ ಮೂಲೆಯಿಂದ ಮಂತ್ರ, ಗಂಟೆ. "ಈಗ. ಮೆಲ್ಲಗೆ."

ಕಡ್ಡಿ ಏರಿತು. ಬೆರಳ ನಡುವೆ ಜಾರುತ್ತ ಏರುತ್ತಲೇ ಹೋಯಿತು. ಏರುವ ವೇಗ ಕಡಿಮೆಯಾಯಿತು. ಇನ್ನೂ ಕಡಿಮೆಯಾಯಿತು. ಆಮೇಲೆ ಕಣ್ಣಿಗೆ ಕಾಣದಷ್ಟು, ಬೆರಳಿಗೆ ಮಾತ್ರ ಗೊತ್ತಾಗುವಷ್ಟು. ನಿಂತಿತು.

"ನಿಂತಿದೆ."

"ಇನ್ನೊಂದು ಚೂರು ತಿರುಗಿಸ್ತೀನಿ. ಇಳಿಯುತ್ತಾ ನೋಡು."

ಇಳಿಯಿತು. ಅವನು ಹಿಂದಕ್ಕೆ ಬಂದು ಮತ್ತೆ ಮೇಲೇರಿಸಿದ. ಮತ್ತೆ ಅಲ್ಲಿಯೇ ನಿಂತಿತು. ಕಬ್ಬಿಣದೊಳಗೆ, ಕತ್ತಲಲ್ಲಿ, ಯಾರೂ ನೋಡದ ಒಂದು ಜಾಗ ನನ್ನ ಎರಡು ಬೆರಳಿನ ನಡುವೆ ಇತ್ತು. ಅಷ್ಟು ಸಂತೋಷ ನನಗೆ ಯಾವಾಗ ಆಗಿತ್ತೋ ನೆನಪಿಲ್ಲ.

ಚಿಕ್ಕಮ್ಮ ತಲೆಯಿಂದ ಹೇರ್‌ಪಿನ್ನು ತೆಗೆದು, ಮುಳ್ಳಿನ ಎದುರಿಗಿದ್ದ ಚಕ್ರದ ಅಂಚಿನ ಗ್ರೀಸನ್ನು ಕೆದಕಿದಳು. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿದಳು. ಕೂದಲೆಳೆಗಿಂತ ಸ್ವಲ್ಪ ದಪ್ಪಗೆ ಕಬ್ಬಿಣದಲ್ಲಿ ಕೊರೆದ ಒಂದು ಗೀರು ಕಂಡಿತು, ಮುಳ್ಳಿಗೆ ನೇರ ಎದುರು.

"ಇಷ್ಟ್ ಚಿಕ್ಕದಾ," ಎಂದಳು. "ನಾನಾಗಿದ್ರೆ ದೊಡ್ಡದಾಗೇ ಇಡ್ತಿದ್ದೆ."

ಕಿಡಿ ತುದಿಗಿಂತ ಒಂದು ಎಳೆ ಮುಂಚೆ ಬೀಳಬೇಕಂತೆ, ಹಾಗಾಗಿ ಇಂಜಿನ್ನನ್ನು ಆ ಗೀರಿಗಿಂತ ಒಂದು ಚೂರು ಹಿಂದೆ ನಿಲ್ಲಿಸಿದೆವು. ತಮ್ಮ ಸ್ಕೂಟರಿನ ಪುಟ್ಟ ಬಲ್ಬಿಗೆ ಎರಡು ವೈರು ಸಿಕ್ಕಿಸಿದ. ಒಂದು ಡಿಸ್ಟ್ರಿಬ್ಯೂಟರಿಗೆ, ಇನ್ನೊಂದು ಕಾರಿನ ಮೈಗೆ. ಪಾಯಿಂಟುಗಳು ಬಿಡಿಸಿಕೊಂಡ ಕ್ಷಣಕ್ಕೆ ಕಿಡಿ ಹುಟ್ಟುತ್ತದೆ, ಅದೇ ಕ್ಷಣಕ್ಕೆ ಈ ಬಲ್ಬು ಹತ್ತುತ್ತದೆ ಎಂದ. ಬಲ್ಬು ನನ್ನ ಅಂಗೈಯಲ್ಲಿ. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಿಗಿ ಮುಚ್ಚಳ ತಿರುಗಿಸುವವನಂತೆ ಸ್ವಲ್ಪ ಸ್ವಲ್ಪವೇ ಹೊರಳಿಸಿದ. ಹತ್ತಿತು. ಹಿಂದಕ್ಕೆ ಹೊರಳಿಸಿದ, ಆರಿತು. ಮತ್ತೆ ಹೊರಳಿಸಿದ, ಹತ್ತಿತು. ಅಲ್ಲಿಯೇ ಬಿಗಿದ.

ಪ್ಲಗ್ಗುಗಳು ಒಳಗೆ ಹೋದವು. ವೈರುಗಳನ್ನು ತಮ್ಮ ಕಿಡಿಯ ಸರದಿಯಂತೆ ಒಂದು, ಮೂರು, ನಾಲ್ಕು, ಎರಡು ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಸಿಕ್ಕಿಸಿದ. ಅತ್ತ ಮಂಗಳಾರತಿ ಆಯಿತು. ಆಪರೇಟರ್ ಜೆಸಿಬಿ ಹತ್ತಿ ಕೂತ. ಯಜಮಾನರು ಕೈಗಡಿಯಾರ ನೋಡಿಕೊಳ್ಳುತ್ತ, ನಾವು ನೋಡಿದರೆ ಕೈ ಇಳಿಸುತ್ತ ನಿಂತಿದ್ದರು. ಗುಜರಿಯವನು ಹಗ್ಗ ತೆಗೆದು ಹೆಗಲಿಗೆ ಹಾಕಿಕೊಂಡ.

ಚಿಕ್ಕಮ್ಮ ಸೆರಗು ಸಿಕ್ಕಿಸಿ ಒಳಗೆ ಕೂತಳು. ಕನ್ನಡಿ ಸರಿಮಾಡಿಕೊಂಡಳು. ಬೆಳಗ್ಗೆಯಿಂದ ಅವಳು ಕನ್ನಡಿ ಮುಟ್ಟಿರಲಿಲ್ಲ. ನಾನು ಒದ್ದೆ ಗೋಣಿ ಹಿಡಿದು ನಿಂತೆ.

"ಕೊಡು ಚಿಕ್ಕಮ್ಮ."

ಒಂದು ಸುತ್ತು. ಒದೆತವಿಲ್ಲ. ಎರಡನೇ ಸುತ್ತಿನಲ್ಲಿ ಒಂದು ಸಿಲಿಂಡರು ಕೆಮ್ಮಿತು. ಆಮೇಲೆ ಇನ್ನೊಂದು. ಆಮೇಲೆ ನಾಲ್ಕೂ ಒಟ್ಟಿಗೆ ಹಿಡಿದುಕೊಂಡವು. ಸೈಲೆನ್ಸರಿನಿಂದ ಮಳೆಗಾಲವಿಡೀ ಕೂಡಿದ್ದ ಕಪ್ಪು ನೀರು ಚಿಮ್ಮಿತು, ಬಿಳಿ ಹೊಗೆ ಸೈಟು ತುಂಬಿತು, ಬಾನೆಟ್ಟಿನ ತಗಡು ಗಡಗಡ ಅಲುಗಿತು. ಚಿಕ್ಕಮ್ಮ ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಅವಳ ಬಾಯಿ ಅಲುಗುತ್ತಿತ್ತು, ಏನು ಹೇಳಿದಳೋ ಕೇಳಿಸಲಿಲ್ಲ. ಯಜಮಾನರ ಹೆಂಡತಿ ಅಕ್ಷತೆಯ ತಟ್ಟೆ ಹಿಡಿದೇ ಓಡಿಬಂದು ಒಂದು ಹಿಡಿ ಕಾರಿನ ಮೇಲೂ ಎಸೆದರು. ತಮ್ಮ ನನ್ನ ಭುಜ ಹಿಡಿದು ಕುಲುಕುತ್ತಿದ್ದ. ಅವನ ಕೈಯ ಗ್ರೀಸು ಈಗಲೂ ಆ ಬ್ಲೌಸಿನ ಮೇಲಿದೆ.

ಗುಜರಿಯವನು ಹಗ್ಗ ಸುತ್ತಿಕೊಂಡು ಕಿಟಕಿಯ ಹತ್ತಿರ ಬಂದ. "ಸಖತ್ತಾಗಿದೆ ಆಂಟಿ. ಬೇರೆ ಯಾವ್ದಾದ್ರೂ ಗಾಡಿ ಇದ್ರೆ ಹೇಳಿ."

"ನಿನ್ನ ಟ್ರಕ್ಕೇ ನಮ್ಮದಕ್ಕಿಂತ ಜಾಸ್ತಿ ಹೊಗೆ ಬಿಡ್ತಿತ್ತು. ಮೊದಲು ಅದನ್ನ ಗುಜರಿಗೆ ಹಾಕ್ಕೋ."

ಅವಳು ಗೇರು ಹಾಕಿ ಕ್ಲಚ್ಚು ಬಿಟ್ಟಳು. ಕಾರು ಜೆಸಿಬಿಯ ಪಕ್ಕದಲ್ಲಿ ಒಂದು ಗೇಣು ಅಂತರ ಬಿಟ್ಟು ರಸ್ತೆಗಿಳಿಯಿತು. ತಮ್ಮ ಓಡಿಬಂದು ಹತ್ತಿದ, ನಾನು ಆಗಲೇ ಹಿಂದೆ ಕೂತಿದ್ದೆ. ತಿರುಗಿ ನೋಡಿದಾಗ ಜೆಸಿಬಿಯ ತೋಳು ಮೇಲೇಳುತ್ತಿತ್ತು.

ಕತ್ರಿಗುಪ್ಪೆ ದಾಟಿ ಉತ್ತರಹಳ್ಳಿಯ ಏರಿನಲ್ಲಿ ಇಂಜಿನ್ನು ಸ್ಟೀಲ್ ಡಬ್ಬದಲ್ಲಿ ಚಮಚ ಅಲ್ಲಾಡಿಸಿದಂತೆ ಟಿಣಟಿಣ ಎಂದಿತು. ಕಿಡಿ ಇನ್ನೂ ಒಂದು ಎಳೆ ಮುಂಚೆ ಬೀಳುತ್ತಿದೆ ಎಂದ ತಮ್ಮ. ಎಳನೀರು ಗಾಡಿಯೊಂದರ ಪಕ್ಕ ನಿಲ್ಲಿಸಿದೆವು, ಇಂಜಿನ್ನು ಆಫ್ ಮಾಡದೆ. ಆಫ್ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ. ತಮ್ಮ ಬೋಲ್ಟು ಸಡಿಲಿಸಿ ಡಬ್ಬಿಯನ್ನು ಹೊರಳಿಸಿದ. ಚಿಕ್ಕಮ್ಮ ಕಣ್ಣು ಮುಚ್ಚಿ ಕೇಳುತ್ತ ಕೂತಳು. ಸದ್ದು ಒರಟಾಯಿತು, ನುಣುಪಾಯಿತು, ಇನ್ನೂ ನುಣುಪಾಯಿತು.

"ಸಾಕು. ಅಲ್ಲೇ ಬಿಡು," ಎಂದಳು.

ಕೋಣನಕುಂಟೆ ಕ್ರಾಸಿನ ಟ್ರಾಫಿಕ್ಕಿನಲ್ಲಿ ಅಕ್ಕಪಕ್ಕದ ಸ್ಕೂಟರಿನವರು ಫೋನು ತೆಗೆದು ಫೋಟೋ ಹೊಡೆದರು. ಒಬ್ಬ "ಮಾಡೆಲ್ ಯಾವ್ದು ಆಂಟಿ?" ಎಂದು ಕೇಳಿದ. "ಕಾರಿಂದಾ ನಂದಾ?" ಎಂದಳು ಚಿಕ್ಕಮ್ಮ. ಹಸಿರು ದೀಪ ಬಂತು.

ಗೊಟ್ಟಿಗೆರೆಯ ಶೆಡ್ಡಿನೊಳಗೆ ಕಾರು ನಿಂತಾಗ ಗೆಳತಿ ಬಾಗಿಲಲ್ಲಿ ಕಾಯುತ್ತಿದ್ದರು. ಚಿಕ್ಕಮ್ಮ ಕೀ ತಿರುಗಿಸಿ ಆಫ್ ಮಾಡಿದಳು. ಬಿಸಿ ಕಬ್ಬಿಣ ಟಿಕ್ ಟಿಕ್ ಎನ್ನುತ್ತಿತ್ತು. ಗೆಳತಿ "ಬನ್ನಿ, ತಿಂಡಿ ಆರ್ತಾ ಇದೆ," ಎಂದರು. ತಮ್ಮ ಇಳಿದ. ನಾನು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟೆ. ಚಿಕ್ಕಮ್ಮ ಮಾತ್ರ ಇಳಿಯಲಿಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದಳು. ಆಮೇಲೆ ಯಾರನ್ನೂ ಕೇಳದೆ ಮತ್ತೆ ಕೀ ತಿರುಗಿಸಿದಳು.

ಅರ್ಧ ಸುತ್ತಿಗೇ ಹತ್ತಿಕೊಂಡಿತು.

ಅವಳು ಆಫ್ ಮಾಡಿದಳು, ಮತ್ತೆ ಸ್ಟಾರ್ಟ್ ಮಾಡಿದಳು.